ಕಾರಣ ತಿಳಿಯದೆ ಪಿಸ್ಟನ್ ಬದಲಿಸಬೇಡಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಿದ್ದ ಜಾವಾ, ಯೆಜ್ಡಿಗಳು ಈಗಲೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನದ ನೆಪದಲ್ಲಿ ಒಂದೆಡೆ ಸೇರಿದಾಗ ಅವುಗಳ ಸದ್ದು ಬೀದಿ ತುಂಬುತ್ತದೆ. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, ನಿಜ. ಆದರೆ ಹೊಸದು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. ಹಳೆಯ ಟು ಸ್ಟ್ರೋಕ್ ಎಂಜಿನ್‌ಗೆ ಅದರ ಬಿಡಿಭಾಗಗಳು ಹೊಂದುವುದಿಲ್ಲ. ಹಾಗಾಗಿ ಹಳೆಯ ಗಾಡಿಯನ್ನು ಉಳಿಸಿಕೊಳ್ಳುವ ಹೊಣೆ ಮಾಲೀಕನದೇ.

ಈ ಎಂಜಿನ್ ಮನೆಯಲ್ಲೇ ಬಿಚ್ಚಲು ಹೇಳಿ ಮಾಡಿಸಿದಂಥದ್ದು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪ್ ಇಲ್ಲ. ಹೆಚ್ಚಿನ ಗಾಡಿಗಳಲ್ಲಿ 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್‌ನ ಒಂದೇ ಸಿಲಿಂಡರ್. ಪೆಟ್ರೋಲ್‌ಗೆ ಬೆರೆಸಿದ ಆಯಿಲ್‌ನಿಂದಲೇ ಪಿಸ್ಟನ್, ಕ್ರ್ಯಾಂಕ್ ಎರಡಕ್ಕೂ ಜಿಡ್ಡು. ತಣಿಸುವುದಕ್ಕೆ ಇರುವುದು ಸಿಲಿಂಡರ್ ಸುತ್ತಲಿನ ಫಿನ್‌ಗಳು ಮತ್ತು ಎದುರಿನಿಂದ ಬೀಸುವ ಗಾಳಿ, ಅಷ್ಟೇ. ಟು ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಒಮ್ಮೆ ಉರಿಯುವುದರಿಂದ ಬಿಸಿ ಬೇಗ ಏರುತ್ತದೆ. ಇಂಥ ಎಂಜಿನ್ ಕೆಟ್ಟಾಗಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ: ಈ ಬಿಸಿ ಎಲ್ಲಿಂದ ಬಂತು?

ಬಹಳ ಮಂದಿ ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಎಂಜಿನ್ ಸೀಜ್ ಆದ, ಅಂದರೆ ಪಿಸ್ಟನ್ ಬೋರ್‌ನೊಳಗೆ ಹಿಡಿದುಕೊಂಡ ಕೂಡಲೇ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಓಡಿಸುತ್ತಾರೆ. ಕಾರಣ ಒಳಗೇ ಉಳಿದಿರುತ್ತದೆ. ಹೊಸ ಪಿಸ್ಟನ್ನೂ ಹಿಡಿದುಕೊಳ್ಳುತ್ತದೆ. ಬಿಚ್ಚಿದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿ. ಸೈಲೆನ್ಸರ್ ಕಡೆಯ ಮೈ ಮಾತ್ರ ಗೀರಿದ್ದರೆ ಅತಿಯಾದ ಬಿಸಿ ಅಥವಾ ಆಯಿಲ್ ಕೊರತೆ. ಸುತ್ತ ನಾಲ್ಕು ಕಡೆ ಗೀರಿದ್ದರೆ ಪಿಸ್ಟನ್‌ಗೂ ಬೋರ್‌ಗೂ ನಡುವೆ ಬಿಟ್ಟ ಜಾಗ ಸಾಲದು, ಇಲ್ಲವೇ ಎಂಜಿನ್ ಬೆಚ್ಚಗಾಗುವ ಮೊದಲೇ ಆಕ್ಸಿಲರೇಟರ್ ತಿರುವಿದ್ದಾರೆ. ತಲೆಯಲ್ಲಿ ತೂತು ಬಿದ್ದಿದ್ದರೆ ಟೈಮಿಂಗ್ ಮುಂದಾಗಿದೆಯೇ, ಪೆಟ್ರೋಲ್ ಕಡಿಮೆ ಸಿಗುತ್ತಿದೆಯೇ ಎಂದು ಹುಡುಕಬೇಕು.

ಕಣ್ಣಿಗೆ ಬೀಳದ ದೊಡ್ಡ ಕಳ್ಳ ಎಂದರೆ ಕ್ರ್ಯಾಂಕ್ ಸೀಲ್. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸಿನ ಆಯಿಲ್ ಒಳಗೆ ಎಳೆದುಕೊಂಡು ಉರಿಯುತ್ತದೆ. ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ದಿನೇ ದಿನೇ ಇಳಿಯುತ್ತದೆ. ಇದು ಕಾಣುವುದರಿಂದ ಪರವಾಗಿಲ್ಲ. ಡೈನಮೋ ಕಡೆಯ ಸೀಲ್ ಹೋದರೆ ಹೊಗೆ ಇಲ್ಲ, ಸೋರಿಕೆ ಇಲ್ಲ. ಒಳಗೆ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದೆ ಓಡುತ್ತದೆ, ಕೊನೆಗೆ ಸೀಜ್. ಸೀಲ್‌ನ ಬೆಲೆಗೂ ಬೋರ್ ಕೆಲಸದ ಬೆಲೆಗೂ ಹೋಲಿಕೆಯೇ ಇಲ್ಲ. ಎಂಜಿನ್ ಇಳಿಸಿದಾಗಲೆಲ್ಲ ಎರಡೂ ಸೀಲ್ ಬದಲಿಸಿ, ಹಳೆಯದು ಚೆನ್ನಾಗಿ ಕಂಡರೂ ಸರಿ.

ಹೆಡ್ ಮತ್ತು ಸಿಲಿಂಡರ್ ಎತ್ತಿದ ಮೇಲೆ ಕನೆಕ್ಟಿಂಗ್ ರಾಡನ್ನು ಬೆರಳಲ್ಲಿ ಹಿಡಿದು ನೇರ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ. ಪಕ್ಕಕ್ಕೆ ತುಸು ಆಡುವುದು ಸಹಜ. ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಿದರೂ ಬಿಗ್ ಎಂಡ್ ಬೇರಿಂಗ್ ಮುಗಿದಿದೆ. ಆ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಪ್ರೆಸ್‌ನಲ್ಲಿ ಕ್ರ್ಯಾಂಕ್ ಬಿಡಿಸಿ, ಮತ್ತೆ ಕೂಡಿಸಿ, ಡಯಲ್ ಗೇಜ್‌ನಲ್ಲಿ ಅದು ನೇರವಾಗಿ ಸುತ್ತುತ್ತಿದೆಯೇ ಎಂದು ನೋಡುವುದು ಪಳಗಿದ ಕೈಯ ಕೆಲಸ. ಬೋರ್ ಕೂಡ ಹಾಗೆಯೇ. ಮೊದಲು ಪಿಸ್ಟನ್ ಕೊಂಡು, ಅದನ್ನು ಅಂಗಡಿಗೆ ಕೊಟ್ಟು, ಅದರ ಅಳತೆಗೇ ಬೋರ್ ಮಾಡಿಸಬೇಕು. ಬರೀ ಓವರ್‌ಸೈಜ್ ನಂಬರ್ ಹೇಳಿ ಕೈತೊಳೆದುಕೊಳ್ಳಬಾರದು.

ಮರಳಿ ಕೂಡಿಸುವಾಗ ಅವಸರ ಬೇಡ. ಕೇಸ್‌ನ ಬಾಯಿಗೆ ಒಂದು ಶುದ್ಧ ಬಟ್ಟೆ ತುರುಕಿ ಆಮೇಲೆ ಪಿಸ್ಟನ್ನಿನ ಸರ್ಕ್ಲಿಪ್ ಹಾಕಿ. ಅದು ಚಿಮ್ಮಿ ಒಳಗೆ ಬಿದ್ದರೆ ಇಡೀ ಎಂಜಿನ್ ಇಳಿಸುವ ಕೆಲಸ. ಹಳೆಯ ಸರ್ಕ್ಲಿಪ್ ಎಂದೂ ಬೇಡ. ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಕೂತಿರಬೇಕು. ಪಿನ್ನಿನ ಮೇಲೆ ಹತ್ತಿದ ರಿಂಗಿನ ಮೇಲೆ ಸಿಲಿಂಡರ್ ಒತ್ತಿದರೆ ರಿಂಗ್ ಮುರಿಯುತ್ತದೆ. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ. ಹೆಡ್ ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪ್ಲಗ್ ಗ್ಯಾಪ್ 0.6 ಮಿ.ಮೀ., ಪಾಯಿಂಟ್ ಗ್ಯಾಪ್ 0.4 ಮಿ.ಮೀ.: ಇದಕ್ಕೆ ಫೀಲರ್ ಗೇಜ್ ಬೇಕೇ ಬೇಕು, ಕಣ್ಣಂದಾಜು ಸಾಲದು.

ಹೊಸ ಬೋರ್‌ಗೆ ಮೊದಲ 500 ಕಿ.ಮೀ. ಲೀಟರ್ ಪೆಟ್ರೋಲ್‌ಗೆ 50 ಮಿ.ಲೀ. 2ಟಿ ಆಯಿಲ್ ಹಾಕಿ, ಆಮೇಲೆ 40ಕ್ಕೆ ಇಳಿಸಬಹುದು. ಒಂದೇ ವೇಗದಲ್ಲಿ ದೂರ ಓಡಿಸದೆ, ನಡುನಡುವೆ ನಿಲ್ಲಿಸಿ ತಣಿಯಲು ಬಿಡಿ. ಪ್ಲಗ್ ಬಿಚ್ಚಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ: ತುದಿ ತಿಳಿ ಕಂದು ಬಣ್ಣದ್ದಾಗಿದ್ದರೆ ಎಲ್ಲ ಸರಿ, ಬೆಳ್ಳಗಿದ್ದರೆ ಬಿಸಿ ಹೆಚ್ಚು, ಕರ್ರಗೆ ಮಸಿಯಾಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚು. ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಈ ನೋಟವನ್ನು ಇನ್ನಷ್ಟು ಮುಖ್ಯವಾಗಿಸಿದೆ. ಎಥನಾಲ್‌ನಲ್ಲಿ ಆಮ್ಲಜನಕವೂ ಇರುವುದರಿಂದ ಕಾರ್ಬೊರೇಟರಿನ ಹಳೆಯ ಜೆಟ್‌ಗೆ ಮಿಶ್ರಣ ತೆಳುವಾಗುತ್ತದೆ. ಪ್ಲಗ್ ಬಿಳಿಚಿಕೊಂಡರೆ ಮೇನ್ ಜೆಟ್ ಒಂದು ಅಳತೆ ಏರಿಸಬೇಕು. ಎಥನಾಲ್ ನೀರನ್ನೂ ಹೀರುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಫಿನ್‌ಗಳ ಸಂದಿಯ ಕೆಸರು ತೆಗೆಯಿರಿ. ಚೆಂದಕ್ಕೆಂದು ದಪ್ಪ ಬಣ್ಣ ಬಳಿಯಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಮನೆಯ ಮೂಲೆಯಲ್ಲಿ ವರ್ಷಗಳಿಂದ ನಿಂತ ಯೆಜ್ಡಿ ನಿಮ್ಮಲ್ಲಿದ್ದರೆ, ಕಿಕ್ಕರ್ ಅಲುಗುತ್ತಿಲ್ಲವೆಂದು ಗುಜರಿಗೆ ಕೊಡಬೇಡಿ. ಬಲವಾಗಿ ತುಳಿಯಲೂ ಬೇಡಿ. ಪ್ಲಗ್ ಬಿಚ್ಚಿ ತುಕ್ಕು ಬಿಡಿಸುವ ಎಣ್ಣೆ ಹೊಯ್ದು ಕೆಲವು ದಿನ ಬಿಡಿ, ಆಮೇಲೆ ಕೈಯಲ್ಲೇ ಮೆಲ್ಲಗೆ ಒತ್ತಿ ನೋಡಿ. ತುಕ್ಕಿಗೆ ಅಂಟಿಕೊಂಡ ಪಿಸ್ಟನ್ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ.