ಕರಡಿಗೆ ಉಳಿಯಿತು, ಒಳಗಿದ್ದದ್ದು?

ಬೀರೂರಿನಿಂದ ಕೆಮ್ಮಣ್ಣುಗುಂಡಿಗೆ ಹೊರಟವರು ಲಿಂಗದಹಳ್ಳಿ ಹಾದು ಹೋಗುತ್ತಾರೆ. ಕಲ್ಲತ್ತಿಗಿರಿಯ ನೀರು ನೋಡುವ ಆತುರದಲ್ಲಿ ದಾರಿಬದಿಯ ಬಾಗಿಲುಗಳ ಕಡೆ ಕಣ್ಣು ಹಾಯುವುದಿಲ್ಲ. ತರೀಕೆರೆ ಸೀಮೆಯ ಮನೆಗಳ ನಂಬಿಕೆಯೆಲ್ಲ ಬಾಗಿಲುವಾಡದಲ್ಲೇ ಇದೆ: ಒಣಗಿದ ಮಾವಿನ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ, ಚೌಕಟ್ಟಿಗೆ ಬಡಿದ ಕುದುರೆ ಲಾಳ, ಅಮಾವಾಸ್ಯೆಗೆ ಬದಲಾಗುವ ನಿಂಬೆಹಣ್ಣು ಮೆಣಸಿನಕಾಯಿ. ಲಿಂಗಾಯತರ ಮನೆಯಲ್ಲಿ ಮೂರೆಳೆ ವಿಭೂತಿ, ಮುಸ್ಲಿಮರ ಮನೆಯಲ್ಲಿ ಕುರಾನಿನ ಸಾಲು.

ಯಹೂದಿಗಳ ಬಾಗಿಲಿಗೆ ಇರುವುದು ಮೆಜೂಜಾ. ಒಳಗೆ ಹೋಗುವಾಗ ಬಲಕ್ಕೆ ಸಿಗುವ ನಿಲುಗಂಬದ ಮೇಲ್ಭಾಗದಲ್ಲಿ, ಬೆರಳುದ್ದದ ಗೂಡಿನಲ್ಲಿ, ಸುತ್ತಿಟ್ಟ ಚರ್ಮದ ಹಾಳೆ. ಅದರಲ್ಲಿ ಅವರ ಧರ್ಮಗ್ರಂಥವಾದ ತೋರಾದ ಎರಡು ಭಾಗಗಳನ್ನು 22 ಸಾಲಿನಲ್ಲಿ, 713 ಅಕ್ಷರಗಳಲ್ಲಿ ಲಿಪಿಕಾರ ಕೈಯಿಂದಲೇ ಬರೆದಿರಬೇಕು. ಒಂದಕ್ಷರ ತಪ್ಪಿದರೂ ಹಾಳೆ ನಡೆಯದು. ಹೋಗುವಾಗ ಬರುವಾಗ ಬೆರಳಿನಿಂದ ಮುಟ್ಟಿ ಮುತ್ತಿಡುತ್ತಾರೆ. ಏಳು ವರ್ಷಕ್ಕೆ ಎರಡು ಸಲ ಬಿಚ್ಚಿ, ಶಾಯಿ ಉದುರಿದೆಯೇ ಎಂದು ನೋಡುತ್ತಾರೆ.

ಇದು ರಕ್ಷೆಯೋ, ದೇವರ ಆಜ್ಞೆಯ ನೆನಪೋ? ಯಹೂದಿಗಳಲ್ಲೇ ಜಗಳವಿತ್ತು. ಹಾಳೆಯ ಒಳಗೆ ದೇವದೂತರ ಹೆಸರು ಸೇರಿಸಿ ಬರೆಯುವವರನ್ನು 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೋನಿಡಿಸ್ ಕಟುವಾಗಿ ಖಂಡಿಸಿದ. ದೇವರ ಮಾತನ್ನು ಸ್ವಂತ ಲಾಭದ ತಾಯತ ಮಾಡಿಕೊಂಡರೆಂಬುದು ಅವನ ಸಿಟ್ಟು. ನಮ್ಮ ಮನೆಗಳಲ್ಲೂ ಈ ಪ್ರಶ್ನೆ ತೀರ್ಮಾನವಾಗಿಲ್ಲ, ಆಗಬೇಕಾಗಿಯೂ ಇಲ್ಲ.

ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ಒಬ್ಬ ಯಹೂದಿ ವ್ಯಾಪಾರಿಯಿದ್ದ. ಟುನೀಸಿಯಾ ಕಡೆಯ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಇಲ್ಲಿಗೆ ಬಂದು, 1149ರವರೆಗೆ ಈ ಕರಾವಳಿಯಲ್ಲೇ ಬದುಕಿದ. ಮೆಣಸು, ಅಡಿಕೆ ಕಳಿಸುತ್ತಿದ್ದ. ಏಡನ್ನಿನಿಂದ ಬಂದ ಮುರುಕು ತಾಮ್ರವನ್ನು ಕರಗಿಸಿ ಇಲ್ಲಿನ ಕಂಚುಗಾರರಿಂದ ಪಾತ್ರೆ ಮಾಡಿಸುತ್ತಿದ್ದ. ಅವನ ಬಾಗಿಲ ಗುರುತು ಯಾವುದೂ ನಮಗೆ ಉಳಿದಿಲ್ಲ. ಕಾಗದಗಳು ಉಳಿದವು. ದೇವರ ಹೆಸರಿರುವ ಬರಹವನ್ನು ಎಸೆಯಬಾರದು, ಹೂಳಬೇಕು ಅಥವಾ ಕೂಡಿಡಬೇಕು ಎಂಬ ಕಟ್ಟಳೆಯೇ ಅದಕ್ಕೆ ಕಾರಣ. ಹಳೇ ಕೈರೋದ ಯಹೂದಿ ಪ್ರಾರ್ಥನಾಮಂದಿರವಾದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯಲ್ಲಿ ಅವನ ಲೆಕ್ಕಪತ್ರಗಳೂ ಓಲೆಗಳೂ ಒಟ್ಟಿಗೇ ರಾಶಿ ಬಿದ್ದಿದ್ದವು. ಸವೆದ ಮೆಜೂಜಾ ಹಾಳೆಗೂ ಅದೇ ಕಟ್ಟಳೆ.

ಆದ್ದರಿಂದ ಜಗತ್ತಿನ ಮ್ಯೂಸಿಯಂಗಳಲ್ಲಿ ಕಾಣುವುದು ಹೆಚ್ಚಾಗಿ ಗೂಡು: ಬೆಳ್ಳಿ, ಮರ, ಹಿತ್ತಾಳೆ. ಪೋಲೆಂಡಿನ ಎಷ್ಟೋ ಹಳೆಯ ಬಾಗಿಲುಗಳಲ್ಲಿ ಗೂಡೂ ಇಲ್ಲ. ನಾಜಿಗಳ ಕಾಲದಲ್ಲಿ ಮನೆಯವರೇ ಇಲ್ಲವಾದ ಮೇಲೆ ಚೌಕಟ್ಟಿನಲ್ಲಿ ತಗ್ಗು ಮಾತ್ರ ಉಳಿಯಿತು. ವಾರ್ಸಾದ ಮಿ ಪೋಲಿನ್ ಎಂಬ ಸಂಸ್ಥೆ ಆ ತಗ್ಗಿನ ಅಚ್ಚು ತೆಗೆದು, ಕಂಚಿನಲ್ಲಿ ಎರಕ ಹೊಯ್ದು, ಹೊಸ ಮೆಜೂಜಾ ಮಾಡುತ್ತಿದೆ. ಈ ವಿಷಯದಲ್ಲಿ ನನ್ನನ್ನು ಇದರಷ್ಟು ಕಲಕಿದ್ದು ಇನ್ನೊಂದಿಲ್ಲ.

ನಮ್ಮಲ್ಲಿ ಮೆಜೂಜಾ ಗೂಡಿನ ಹತ್ತಿರದ ನಂಟು ಲಿಂಗಾಯತರ ಇಷ್ಟಲಿಂಗದ ಕರಡಿಗೆ. ಎದೆಯ ಮೇಲೆ ತೂಗುವ ಬೆಳ್ಳಿ ಕರಡಿಗೆಗೆ ಎರಡು ಕಡೆ ಕೊಂಡಿ, ಅದಕ್ಕೆ ಶಿವದಾರ. ಒಳಗೆ ವಸ್ತ್ರದಲ್ಲಿ ಸುತ್ತಿದ ಲಿಂಗ. ಕಟ್ಟಿಕೊಂಡವರು ತೀರಿಕೊಂಡಾಗ ಲಿಂಗ ಅವರ ಅಂಗೈಯಲ್ಲೇ ಸಮಾಧಿಗೆ ಹೋಗುತ್ತದೆ. ಬೆಳ್ಳಿ ಮನೆಯಲ್ಲಿ ಉಳಿಯಬಹುದು, ಮುಂದೆ ಅಕ್ಕಸಾಲಿಗನ ತಕ್ಕಡಿಗೆ ಬೀಳಬಹುದು, ಅಲ್ಲಿಂದ ವಿದೇಶದ ಸಂಗ್ರಹಕ್ಕೂ ಹೋಗಬಹುದು. ಬರಿದಾದ ಕರಡಿಗೆ ಕಂಡು ಏನೋ ಕಳೆದುಹೋಗಿದೆ ಎಂದುಕೊಳ್ಳಬೇಕಿಲ್ಲ. ಲಿಂಗ ಸೇರಬೇಕಾದ ಕಡೆ ಸೇರಿದೆ.

ತಾಯತದ ಮಾತು ಬೇರೆ. ತಾಮ್ರದ ಕೊಳವೆಯ ಬಾಯಿಗೆ ಅರಗೋ ಮೇಣವೋ ಮೆತ್ತಿರುತ್ತದೆ; ಒಳಗೆ ಗೀರಿದ ತಗಡು ಅಥವಾ ಬರೆದ ಕಾಗದ. ಮ್ಯೂಸಿಯಂಗೆ ಬಂದರೆ ಅದು ಮುಚ್ಚಿದಂತೆಯೇ ಇರಲಿ, ಒಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಗಡಿನ ಮೇಲಿನ ಗೆರೆಗಿಂತ ಅದನ್ನು ಕಟ್ಟಿಸಿದ ಭಯವೇ ಹೆಚ್ಚಿನ ಇತಿಹಾಸ. ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕಾಗಲಿ, ರಾಮನಗರದ ಜಾನಪದ ಲೋಕಕ್ಕಾಗಲಿ ಇಂಥದ್ದೊಂದು ಹೊಸದಾಗಿ ಸೇರಿದಾಗ ಲೋಹ, ಉದ್ದ, ತೂಕದ ಜೊತೆಗೆ ಇನ್ನಷ್ಟು ಬರೆದುಕೊಳ್ಳಬೇಕು: ಯಾವ ಕೂಸಿಗೆ ಕಟ್ಟಿದ್ದು, ಜ್ವರಕ್ಕೋ ಬೆಚ್ಚಿದ್ದಕ್ಕೋ, ಕಟ್ಟಿದವರು ಅಯ್ಯನವರೋ ಫಕೀರರೋ, ಯಾವ ವಾರ, ಬಿಚ್ಚಿದ್ದು ಯಾವಾಗ. ಇದನ್ನು ಹೇಳಬಲ್ಲ ಅಜ್ಜಿಯರು ಲಿಂಗದಹಳ್ಳಿಯಂಥ ಊರುಗಳಲ್ಲಿ ಇನ್ನೂ ಇದ್ದಾರೆ. ವಸ್ತು ತರುವ ಮೊದಲು ಅವರ ಜಗಲಿಯಲ್ಲಿ ಕೂತು ಕೇಳಿಕೊಳ್ಳಬೇಕು.