ಬಾಯಿಯ ಹುಣ್ಣಿನಿಂದ ಶ್ವಾಸಕೋಶದವರೆಗೆ

ಬಹುತೇಕ ನಮ್ಮೆಲ್ಲರ ಬಾಯಲ್ಲೂ ಸ್ಟ್ರೆಪ್ಟೊಕಾಕಸ್ ಮೈಟಿಸ್ ಎಂಬ ಬ್ಯಾಕ್ಟೀರಿಯಾ ಯಾರಿಗೂ ತೊಂದರೆ ಕೊಡದೆ ಬದುಕಿಕೊಂಡಿದೆ. ಅದೇ ಸಾಧು ಜೀವಿ ಲುಕೇಮಿಯಾ (ರಕ್ತದ ಕ್ಯಾನ್ಸರ್) ರೋಗಿಯ ಉಸಿರನ್ನೇ ಕಸಿಯಬಲ್ಲದು! ಹೇಗೆ ಗೊತ್ತೇ? ಕೀಮೋ ಔಷಧದಿಂದ ಬಾಯೊಳಗೆ ಹುಣ್ಣೇಳುತ್ತದೆ. ಆ ಬಿರುಕಿನಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಕತ್ತಿನ ರಕ್ತನಾಳ ಹಿಡಿದು ಹೃದಯದ ಬಲಭಾಗಕ್ಕೆ ಬರುತ್ತದೆ, ಅಲ್ಲಿಂದ ನೇರ ಶ್ವಾಸಕೋಶಕ್ಕೆ. ಅಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರುವ ಗೋಡೆ ಎಷ್ಟು ತೆಳು ಅಂತೀರಿ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲೂ ಇಲ್ಲ! ಸೋಂಕಿನ ಉರಿಗೆ ಆ ಗೋಡೆ ಸೋರತೊಡಗಿದರೆ ಗಾಳಿಗೂಡುಗಳಲ್ಲಿ ನೀರು ತುಂಬುತ್ತದೆ. ಎಆರ್‌ಡಿಎಸ್ ಎಂದು ಇಂದು ಕರೆಯುವ ಈ ಸ್ಥಿತಿಯನ್ನು 1967ರಲ್ಲಿ ಆಶ್‌ಬಾ ಮತ್ತು ಸಂಗಡಿಗರು 12 ರೋಗಿಗಳಲ್ಲಿ ಗುರುತಿಸಿ ಲ್ಯಾನ್ಸೆಟ್‌ನಲ್ಲಿ ವರದಿ ಮಾಡಿದರು.

ಇನ್ನೂ ಬೆರಗಿನ ಸಂಗತಿಯಿದೆ. ಕೀಮೋದಿಂದ ರಕ್ಷಕ ಬಿಳಿಕಣಗಳು, ಅಂದರೆ ನ್ಯೂಟ್ರೋಫಿಲ್‌ಗಳು, ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿಯುತ್ತವೆ. ಮತ್ತೆ ಏರಲಿ ಎಂದು ಮನೆಯವರೆಲ್ಲ ಹರಸುತ್ತಾರೆ. ಅವು ಏರುವ ದಿನಗಳಲ್ಲೇ ಕೆಲವರ ಉಸಿರಾಟ ಹದಗೆಡುತ್ತದೆ! ಕಾಯಲು ಬಂದ ಕಣಗಳೇ ಸೋಂಕು ತಗುಲಿದ ಶ್ವಾಸಕೋಶಕ್ಕೆ ನುಗ್ಗಿ ಉರಿ ಹೆಚ್ಚಿಸುತ್ತವೆ.

ಹಾಗಾದರೆ ಸೋಂಕು ರಕ್ತಕ್ಕಿಳಿಯುವ ಮೊದಲೇ ತಡೆದರೆ? 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ಲುಕೇಮಿಯಾದ ಮಕ್ಕಳಲ್ಲಿ ಒಂದು ಗುಂಪಿಗೆ ಮುಂಜಾಗ್ರತೆಯಾಗಿ ಲಿವೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಔಷಧವಿಲ್ಲದ ಗುಂಪಿನಲ್ಲಿ ಶೇ. 43.4 ಮಕ್ಕಳ ರಕ್ತಕ್ಕೆ ಸೋಂಕು ತಗುಲಿದರೆ, ಪಡೆದವರಲ್ಲಿ ಶೇ. 21.9 ಮಾತ್ರ. ಅರ್ಧದಷ್ಟು! ಆದರೆ ನಮ್ಮ ದೇಶದಲ್ಲಿ ಕ್ಲೆಬ್ಸಿಯೆಲ್ಲಾ, ಇ. ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಈ ಔಷಧಕ್ಕೆ ಬಗ್ಗುವುದಿಲ್ಲ. ಕ್ಷಯವಿದ್ದರೆ ಅದು ಮರೆಯಾಗಿಬಿಡುವ ಭಯವೂ ಇದೆ. ಕೊಡುವುದೋ ಬಿಡುವುದೋ ಎಂಬುದನ್ನು ಆಯಾ ರೋಗಿಯನ್ನು ನೋಡಿ ವೈದ್ಯರೇ ತೀರ್ಮಾನಿಸಬೇಕು.

ನನ್ನ ಮನಸ್ಸು ಮಾತ್ರ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂಥ ದೂರದ ಊರಿಗೆ ಓಡುತ್ತದೆ. ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸುಮಾರು 200 ಕಿ.ಮೀ. ಕೀಮೋ ಪಡೆದು ಊರಿಗೆ ಬಂದವರಿಗೆ ನಡುರಾತ್ರಿ 101 ಡಿಗ್ರಿ ಜ್ವರ ಬಂದರೆ, ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎನ್ನುವಂತಿಲ್ಲ. ಆಸ್ಪತ್ರೆ ತಲುಪಿದ 60 ನಿಮಿಷದೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಸೇರಬೇಕು. ಬೆಂಗಳೂರಿನವರೆಗೆ ಕಾಯದೆ ಮೊದಲ ಡೋಸ್ ಹೊಸದುರ್ಗದಲ್ಲೋ ಚಿತ್ರದುರ್ಗದಲ್ಲೋ ಸಿಗಬೇಕು. ಯಾವ ಔಷಧ, ಎಷ್ಟು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಡಿಸ್ಚಾರ್ಜ್ ಚೀಟಿಯಲ್ಲಿ ಮೊದಲೇ ಬರೆಸಿಕೊಂಡಿರಬೇಕು.