ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಮನಸ್ಸು

ದ್ವಿತೀಯ ಪಿಯುಸಿ ಮುಗಿಯುತ್ತಲೇ ಸಿಇಟಿ, ಅದರ ಬೆನ್ನಿಗೇ ನೀಟ್. ಈ ತಿಂಗಳುಗಳಲ್ಲಿ ನನ್ನಲ್ಲಿಗೆ ಬರುವ ಹದಿನೇಳು, ಹದಿನೆಂಟರ ಮಕ್ಕಳು ತಲೆನೋವು, ಹೊಟ್ಟೆಯುರಿ, ಎದೆ ಡವಡವ ಎನ್ನುತ್ತಾರೆ. ಮನಸ್ಸಿನ ಮಾತು ಎತ್ತುವುದಿಲ್ಲ. ತಾಯಂದಿರು ಜ್ಞಾಪಕಶಕ್ತಿಗೆ ಖಮೀರಾ ಕೇಳುತ್ತಾರೆ. ನಾನು ಮೊದಲು ಕೇಳುವುದು, "ರಾತ್ರಿ ಎಷ್ಟು ಗಂಟೆ ಮಲಗುತ್ತೀಯಮ್ಮಾ?"

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತಾರೆ: ಗಾಳಿ, ಆಹಾರ-ಪಾನೀಯ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ದೆ-ಎಚ್ಚರ, ವಿಸರ್ಜನೆ-ತಡೆ. ಪರೀಕ್ಷೆಯ ಮನೆಯಲ್ಲಿ ಇವುಗಳಲ್ಲಿ ನಾಲ್ಕು ಒಟ್ಟಿಗೇ ಕೆಡುತ್ತವೆ: ಊಟ, ನಡಿಗೆ, ನೆಮ್ಮದಿ, ನಿದ್ದೆ. ಅದನ್ನು ಖಮೀರಾ ಒಂದೇ ಸರಿಪಡಿಸಲಾರದು.

ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ನೆರವಾಗುತ್ತದೆ. ಇಶಾ ನಂತರ ತಡಮಾಡದೆ ಮಲಗಿ ಫಜ್ರ್‌ಗೆ ಎದ್ದು ಓದಲಿ. ಸಹರಿಗೆ ಏಳುವ ದಿನಗಳಲ್ಲಿ ಮಧ್ಯಾಹ್ನ ಕೈಲೂಲಾ ಇರಲಿ. ಸಂಜೆಯ ನಂತರ ಚಹಾ ಬೇಡ. ಮಲಗುವ ಕೋಣೆಯಲ್ಲಿ ಯಾರ ಫೋನೂ ಬೇಡ. ಅಸರ್ ನಂತರ ಅರ್ಧ ಗಂಟೆ ನಡೆಯಲಿ, ಹೆಣ್ಣುಮಕ್ಕಳೂ ಕೂಡ. ನೆಂಟರ ಮಕ್ಕಳ ಅಂಕಗಳನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ.

ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ, ಗೆಳೆತನ ಎಲ್ಲವೂ ಬೇಡವಾದರೆ ಅದು ಸೋಮಾರಿತನವಲ್ಲ, ಈಮಾನ್ ಕಡಿಮೆಯಾದದ್ದೂ ಅಲ್ಲ, ಕಾಯಿಲೆಯಿರಬಹುದು. ನಝರ್ ಎಂದು ತಾವೀಝಿಗಾಗಿ ಅಲೆದು, ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟು, ತಿಂಗಳುಗಳ ಬಳಿಕ ಕರೆತರುವವರನ್ನು ಕಂಡಿದ್ದೇನೆ. ದುಆ ಮಾಡಿ, ಜೊತೆಗೆ ಚಿಕಿತ್ಸೆಯನ್ನೂ ಕೊಡಿಸಿ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರೇ ಕಲಿಸಿದ್ದಾರೆ.

"ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬ ಮಾತು ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಗದರಿಸಬೇಡಿ. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆ, ಕೀಟನಾಶಕಗಳನ್ನು ಬೀಗದಲ್ಲಿಡಿ. ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಇಲ್ಲಿ ಯುನಾನಿ ಔಷಧಿಯನ್ನು ನಂಬಿ ಕೂರುವಂತಿಲ್ಲ. ಅವರು ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬಾರದು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ನೀಟ್ ಮುಂದಿನ ವರ್ಷವೂ ಬರುತ್ತದೆ. ಫಲಿತಾಂಶದ ದಿನಕ್ಕೆ ಕಾಯದೆ, ಈ ಮಾತನ್ನು ಇಂದೇ ನಿಮ್ಮ ಬಾಯಿಂದ ಮಕ್ಕಳು ಕೇಳಲಿ.